ಒಂಟಿಕೊಪ್ಪಲು ಕೇಂದ್ರ, ವಾರ್ತೆಗಳು, ಓದುತ್ತಿರುವವರು ಅಜ್ಜಿ

ಹೋದ ವಾರ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ವಾಕಿಂಗ್ ಗೆಳತಿಯೊಬ್ಬರು ಕೇಳಿದರು, "ನಿಮ್ಮ ಅಮೆರಿಕದ ಮೊಮ್ಮಗ ವಾರದ ಮಧ್ಯೆ ತಾನಾಗೇ ಫೋನ್ ಮಾಡ್ತಾನಂತೆ, ನಿಜವಾ? ಏನು ಮಾಡಿದ್ರಿ?" ಎರಡು ವರ್ಷದ ಹಿಂದೆ ಇವರೇ "ಬಿಡಿ, ಆ ಮಕ್ಕಳಿಗೆ ನಿಮ್ಮ ಮನೆ ಪುರಾಣ ಯಾಕೆ ಬೇಕು" ಅಂತ ನಕ್ಕಿದ್ದರು. ಹೋದ ವಾರ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲೂ ಬರೆಯುವುದಿಲ್ಲ.

ವಾಟ್ಸಾಪ್ ಹೇಗೆ, ವಿಡಿಯೊ ಕಾಲ್ ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಕ್ಕಳನ್ನು ದೂರ ಕಳಿಸಿ ಕೂತವರಿಗೆ ಅದೆಲ್ಲ ಬಂದೇ ಬಂದಿರುತ್ತೆ. ನಮ್ಮ ಮಗಳು ನ್ಯೂಜೆರ್ಸಿಯಲ್ಲಿ. ಅವಳಿಗೆ ಇಬ್ಬರು: ಹುಡುಗಿಗೆ 12, ಹುಡುಗನಿಗೆ 8. ಮಗ ಬೆಂಗಳೂರಿನಲ್ಲಿ. ಅವನ ಮಗನಿಗೆ 6. ಅಮೆರಿಕದ ಮೊಮ್ಮಕ್ಕಳ ಸುದ್ದಿ ತಿಳಿಯಲ್ಲ ಅಂದರೆ ಜನ ಅಯ್ಯೋ ಪಾಪ ಅಂತಾರೆ. ನಿಜ ಹೇಳಬೇಕು ಅಂದರೆ ಬೆಂಗಳೂರಿನವನ ಸುದ್ದಿ ನನಗೆ ಅದಕ್ಕಿಂತ ಕಡಿಮೆ ಗೊತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಾಗ ಮಗ "ಇನ್ನು ಪ್ರತಿ ಶನಿವಾರ ಬರ್ತೀವಮ್ಮ" ಅಂದ. ಆಮೇಲೆ ಟೋಲ್ ಜಾಸ್ತಿ ಅಂದ.

ಮೊದಲು ಎಲ್ಲರ ಹಾಗೆ ವಿಡಿಯೊ ಕಾಲ್. ಭಾನುವಾರ ರಾತ್ರಿ 8 ಗಂಟೆಗೆ. ಅಲ್ಲಿ ಬೆಳಿಗ್ಗೆ ಹತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರಲ್ಲ, ಆಗ ಒಂಬತ್ತೂವರೆ. ಮಕ್ಕಳು ಹಲ್ಲುಜ್ಜುತ್ತಿರುತ್ತಿದ್ದರು. ಮಾರ್ಚಿನಲ್ಲಿ ಮತ್ತೆ ಮುಂದಕ್ಕೆ, ಆಗ ಈಜು ಕ್ಲಾಸಿಗೆ ಹೊರಟಿರುತ್ತಿದ್ದರು. "ತಿಂಡಿ ಆಯ್ತಾ ಪುಟ್ಟಾ?" "ಹ್ಞೂಂ." "ಸ್ಕೂಲು ಹೇಗಿದೆ?" "ಗುಡ್." ಅಲ್ಲಿಗೆ ಮುಗೀತು. ಫೋನು ಸೋಫಾ ಮೇಲೆ ಬೀಳುತ್ತಿತ್ತು, ನಾನು ಅವರ ಮನೆ ಸೂರು ನೋಡುತ್ತಾ ಕೂತಿರುತ್ತಿದ್ದೆ. ಆ ಸೂರಿನಲ್ಲಿ ಹೊಗೆ ಬಂದರೆ ಕೂಗುವ ಒಂದು ಬಿಳಿ ಡಬ್ಬಿ ಇದೆ. ಅದರ ಹಸಿರು ದೀಪ ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತೆ ಅಂತ ನನಗೆ ಗೊತ್ತು. ಮಗಳಿಗೆ ಗೊತ್ತಿಲ್ಲ.

ಸ್ಕ್ರೀನು ದೊಡ್ಡದಿದ್ದರೆ ಸರಿಹೋಗಬಹುದು ಅಂತ ಟ್ಯಾಬ್ ತಗೊಂಡೆ. 14 ಸಾವಿರ ಚಿಲ್ಲರೆ, ಸ್ಟ್ಯಾಂಡಿಗೆ ಇನ್ನೊಂದು 600. ಸೂರು ದೊಡ್ಡದಾಗಿ ಕಂಡಿತು. ಈಗ ಅದರಲ್ಲಿ ನಮ್ಮ ಯಜಮಾನರು ಇಸ್ಪೀಟು ಆಡುತ್ತಾರೆ.

ಕಾಗದವನ್ನೂ ಬರೆದು ನೋಡಿದೆ. ಕನ್ನಡದಲ್ಲಿ ಬರೆದರೆ ಮಗಳು ಓದಿ ಹೇಳಬೇಕು, ಅವಳಿಗೆ ಪುರುಸೊತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈಯಲ್ಲಿ ಅದು ರಜಾ ಅರ್ಜಿ ಆಗಿಬಿಡುತ್ತೆ. ಒಂದು ಎಂಟು ಕಳಿಸಿರಬೇಕು, ಸ್ಟಾಂಪು ಗೀಂಪು ಸೇರಿ ನಾನೂರು ಐನೂರು ರೂಪಾಯಿ. ಮನೆ ನಂಬರ್ ತಪ್ಪು ಬರೆದಿದ್ದ ಒಂದು ಕಾಗದ ಎರಡು ತಿಂಗಳು ಬಿಟ್ಟು ವಾಪಸ್ ಬಂತು. ಒಡೆದು ನಾನೇ ಓದಿದೆ. ಅರ್ಧಕ್ಕೇ ಆಕಳಿಕೆ ಬಂತು. ಅಷ್ಟು ಚಿಕ್ಕ ಹುಡುಗ ಇದನ್ನು ಯಾಕೆ ಓದಬೇಕು?

ಕೊನೆಗೆ ದಾರಿ ಸಿಕ್ಕಿದ್ದು ನನ್ನ ಹಳೇ ಕೆಲಸದಿಂದ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೇರೆ ಊರಿಗೆ ಮಾತಾಡಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆ. ಮೂರು ನಿಮಿಷಕ್ಕೆ ಒಂದು ಲೆಕ್ಕ. ಮೂರು ನಿಮಿಷ ಆದ ಕೂಡಲೇ ನಾವು ಮಧ್ಯೆ ಬಾಯಿ ಹಾಕಿ "ತ್ರೀ ಮಿನಿಟ್ಸ್ ಓವರ್" ಅನ್ನಬೇಕು. ಜನ ಮಾತಾಡೋದನ್ನ ಕೇಳಬಾರದು ಅಂತ ರೂಲು. ಆದರೆ ಕಿವಿ ಇತ್ತಲ್ಲ. ಆ ಮೂರು ನಿಮಿಷದಲ್ಲಿ ಏನೆಲ್ಲ ಹೇಳಿ ಮುಗಿಸುತ್ತಿದ್ದರು! ಹಸು ಕರು ಹಾಕಿದ್ದು, ಭಾವ ಸೈಕಲ್ಲಿಂದ ಬಿದ್ದದ್ದು, ಸೊಸೆ ಮಾಡಿದ ಹೋಳಿಗೆ ಹರಿದದ್ದು. ದುಡ್ಡು ಕೊಟ್ಟವರು ಯಾರೂ "ಹೇಗಿದ್ದೀಯ, ಚೆನ್ನಾಗಿದ್ದೀನಿ" ಅಂತ ಕಾಲ ಕಳೆಯುತ್ತಿರಲಿಲ್ಲ. ಮಾತು ಪುಕ್ಕಟೆ ಆದಮೇಲೆ ಬಂದ ಚಾಳಿ ಅದು.

ಹಾಗಾಗಿ ಪ್ರಶ್ನೆ ಕೇಳೋದು ಬಿಟ್ಟೆ. ಭಾನುವಾರ ಬೆಳಿಗ್ಗೆ ರೇಡಿಯೊ ವಾರ್ತೆ ಧಾಟಿಯಲ್ಲಿ ಮೊಮ್ಮಕ್ಕಳಿಗೆಲ್ಲ ಒಂದು ವಾಯ್ಸ್ ಮೆಸೇಜ್ ಕಳಿಸೋದು. ಅವರು ಯಾವಾಗ ಬೇಕಾದರೂ ಕೇಳಲಿ, ಗಡಿಯಾರದ ಗೋಳಿಲ್ಲ. "ಇದು ಒಂಟಿಕೊಪ್ಪಲು ಕೇಂದ್ರ" ಅಂತ ಶುರು ಮಾಡಿದ್ದು ಕೇಳಿ ಯಜಮಾನರು ಬಿದ್ದು ಬಿದ್ದು ನಕ್ಕರು. ನಾನು ಹೇಳಿದೆ, "ರೀ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೊ ಶುರು ಮಾಡಿದ್ದೂ ಇದೇ ಒಂಟಿಕೊಪ್ಪಲಿನ ತಮ್ಮ ಮನೆಯಿಂದ. ಆಗಲೂ ಯಾರೋ ನಿಮ್ಮಂಥವರು ನಕ್ಕಿರ್ತಾರೆ." ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ನಮ್ಮ ಬಡಾವಣೆಗೆ ಅಷ್ಟು ಹಕ್ಕಿದೆ.

ಮೊದಲನೇ ವಾರ್ತೆ 11 ನಿಮಿಷ ಆಯಿತು. ಮೈಕಿನ ಗುರುತು ನೀಲಿ ಆಗಿದ್ದು ನೋಡಿ ಕೇಳಿದ್ದಾರೆ ಅಂತ ಹಿಗ್ಗಿದೆ. ಎರಡನೇದು, ಮೂರನೇದು ಕೂಡ ನೀಲಿ. ಆದರೆ ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಅನುಮಾನ ಬಂತು. ನಾಲ್ಕನೇ ವಾರ, ಏಳನೇ ನಿಮಿಷದ ಹತ್ತಿರ ಒಂದು ಸುದ್ದಿ ತೂರಿಸಿದೆ: "ತಾತ ಮುಂದಿನ ಶುಕ್ರವಾರ ಎರಡನೇ ಮದುವೆ ಮಾಡಿಕೊಳ್ಳುತ್ತಿದ್ದಾರೆ." ನೀಲಿ ಆಯಿತು. ಮಗಳು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು.

ನೀಲಿ ಆಗೋದಕ್ಕೂ ಕೇಳೋದಕ್ಕೂ ಸಂಬಂಧ ಇಲ್ಲ. ಇದನ್ನು ಕಲಿಯೋಕೆ ನನಗೆ ಒಂದು ತಿಂಗಳು ಬೇಕಾಯಿತು.

ಆಮೇಲೆ ಮೂರು ನಿಮಿಷಕ್ಕೆ ಇಳಿಸಿದೆ. ಒಂದು ಬಾಂಡ್ಲಿ ರವೆ ಹುರಿಯುವ ಹೊತ್ತೂ ಅಲ್ಲ. ಬುದ್ಧಿವಾದ ಇಲ್ಲ, ಬಿಪಿ ಶುಗರ್ ಇಲ್ಲ, ಸತ್ತವರ ಪಟ್ಟಿ ಇಲ್ಲ. ನಮ್ಮ ವಯಸ್ಸಿನಲ್ಲಿ ಇವನ್ನು ತೆಗೆದರೆ ಉಳಿಯೋದೇನು ಅಂತ ಯಜಮಾನರು ಕೇಳಿದರು. ಉಳಿಯುತ್ತೆ. ಮಂಡಿ ನೋವು ಸುದ್ದಿ ಅಲ್ಲ. ಮಂಡಿಗೆ ಹಚ್ಚಿದ ಎಣ್ಣೆ ನೆಲಕ್ಕೆ ಸುರಿದು ತಾತ ಅದರ ಮೇಲೆ ಜಾರಿ ಅಕ್ಕಿ ಡಬ್ಬ ತಬ್ಬಿಕೊಂಡು ನಿಂತದ್ದು ಸುದ್ದಿ. ವಾರವಿಡೀ ಇಂಥವನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಎರಡೆರಡು ಪದದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. "½ ಲೀ. ಎಣ್ಣೆ ಜಾರು." "1 ಲೀ. ಪಕ್ಕದ್ಮನೆ ಸಂಪು." ಹಾಲಿನವನು ಲೆಕ್ಕ ನೋಡುವಾಗ ಒಂದು ಸಲ ಗಾಬರಿಯಾದ.

ದನಿ ಸ್ಪಷ್ಟ ಇರಲಿ ಅಂತ ಕಾಲರಿಗೆ ಸಿಕ್ಕಿಸುವ ಮೈಕು ತರಿಸಿದೆ, 900 ರೂಪಾಯಿ. ಸೆರಗು ಉಜ್ಜಿ ಬರೀ ಗರಗರ. ಅದನ್ನು ಬಿಟ್ಟು, ಬೀರು ಬಾಗಿಲು ತೆಗೆದು ಹತ್ತಿ ಸೀರೆಗಳ ಮಧ್ಯೆ ಫೋನ್ ಹಿಡಿದು ಓದಿದೆ. ಗೋಡೆ ಪ್ರತಿಧ್ವನಿ ಎಲ್ಲ ಸೀರೆ ಕುಡಿದುಬಿಡುತ್ತೆ, ದನಿ ರೇಡಿಯೊದವರ ಹಾಗೇ ಬಂತು. ಐದಾರು ವಾರ ಹೀಗೇ ಬೀರುವಿನೊಳಗೆ ತಲೆ ಇಟ್ಟೆ. ಒಂದು ಭಾನುವಾರ ಮೈ ಸರಿಯಿಲ್ಲದೆ ಅಡುಗೆಮನೆಯಲ್ಲೇ ಕೂತು ಮಾಡಿದೆ. ಹಿಂದೆ ಒಗ್ಗರಣೆ ಚಟಪಟ, ಬೀದಿಯಲ್ಲಿ ಸೊಪ್ಪಿನವಳು "ದಂಟೂ, ಸಬ್ಸಿಗೇ, ಕೊತ್ತಂಬ್ರೀ" ಅಂತ ಕೂಗಿದ್ದು ಎಲ್ಲ ಸೇರಿಕೊಂಡಿತು. ಹಾಳಾಯಿತು ಅಂದುಕೊಂಡೇ ಕಳಿಸಿದೆ. ಮಗಳು ಬರೆದಳು, "ಇವನು ಆ ಕೂಗನ್ನು ಇಪ್ಪತ್ತು ಸಲ ಹಾಕಿಕೊಂಡು ಕೇಳಿದ, ಈಗ ಮನೆ ತುಂಬ ದಂಟೂ ಸಬ್ಸಿಗೇ ಅಂತ ಓಡಾಡ್ತಿದ್ದಾನೆ." ಅವತ್ತಿಗೆ ಬೀರು ಬಾಗಿಲು ಹಾಕಿದೆ.

ನಿಜವಾಗಿ ಕೈ ಹಿಡಿದದ್ದು ಮಾತ್ರ ತಾತನ ಹಲ್ಲು ಸೆಟ್ಟು.

ಒಂದು ಗೃಹಪ್ರವೇಶಕ್ಕೆ ಹೋಗಿ ಬಂದ ಮಾರನೇ ದಿನ ಯಜಮಾನರ ಕೆಳಗಿನ ಸೆಟ್ಟು ಕಾಣಲಿಲ್ಲ. ಇದನ್ನು ವಾರ್ತೆಗೆ ಹಾಕಬೇಡ ಅಂದರು. ಅವರೇ ಹಾಗಂದ ಮೇಲೆ ಅದು ಒಳ್ಳೇ ಸುದ್ದಿ ಅಂತ ಖಾತ್ರಿ ಆಯಿತು. ಮುಖ್ಯಾಂಶದಲ್ಲೇ ಹಾಕಿದೆ. ಹಾಸಿಗೆ ಕೆಳಗೆ, ದೇವರ ಹೂವಿನ ಬುಟ್ಟಿ, ತೊಗರಿಬೇಳೆ ಡಬ್ಬ ಎಲ್ಲ ಹುಡುಕಿದ್ದು, ಮೂರು ದಿನ ಅವರು ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿಂದದ್ದು. ಇನ್ನೂ ಸಿಕ್ಕಿಲ್ಲ ಅನ್ನುವಲ್ಲಿಗೆ ಮೂರು ನಿಮಿಷ ಮುಗಿಯಿತು. ಬುಧವಾರ ಬೆಳಿಗ್ಗೆ ಆರೂವರೆಗೆ ಫೋನ್. ಅಲ್ಲೇನೋ ಆಯಿತು ಅಂತ ಎದೆ ಹೊಡೆದುಕೊಂಡಿತು. ನೋಡಿದರೆ ಹುಡುಗ, ಅವರಮ್ಮನ ಫೋನಿನಿಂದ. "ಅಜ್ಜೀ, ಫ್ರಿಡ್ಜ್ ಕೆಳಗೆ ನೋಡಿದ್ರಾ?"

ಅವನು ಹುಟ್ಟಿದ ಮೇಲೆ ತಾನಾಗೇ ಕೇಳಿದ ಮೊದಲ ಪ್ರಶ್ನೆ ಅದು ಅಂತ ಕಾಣುತ್ತೆ. ನೋಡಿದೆವು. ಇರಲಿಲ್ಲ. ಎರಡನೇ ವಾರ ಹೊಸ ಸೆಟ್ಟಿಗೆ ಡಾಕ್ಟರು ಹೇಳಿದ ರೇಟು ಹಾಕಿದೆ. ಹುಡುಗಿ ಅದನ್ನು ಡಾಲರಿಗೆ ತಿರುಗಿಸಿ "ಇಷ್ಟೇನಾ, ಎರಡು ಜೊತೆ ತಗೊಳ್ಳಿ" ಅಂತ ಸಲಹೆ ಕೊಟ್ಟಳು. ಮೂರನೇ ವಾರ ಸಿಕ್ಕಿತು. ಊಟದ ಮನೆಯಲ್ಲಿ ಕಡಲೆಬೇಳೆ ಸಿಕ್ಕಿಕೊಂಡಿತು ಅಂತ ತೆಗೆದು ಪೇಪರಿನಲ್ಲಿ ಸುತ್ತಿ ಜುಬ್ಬದ ಜೇಬಿಗೆ ಹಾಕಿದ್ದಾರೆ. ಜುಬ್ಬ ಹಾಗೇ ಇಸ್ತ್ರಿಗೆ ಹೋಗಿದೆ. ಇಸ್ತ್ರಿ ಗಾಡಿಯವರು ಯಾರದೆಂದು ಗೊತ್ತಾಗದೆ, ಜೇಬಿನಲ್ಲಿ ಸಿಕ್ಕ ಚಿಲ್ಲರೆ, ಕೀಲಿಕೈ ಹಾಕಿಡುವ ಬಿಸ್ಕತ್ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದರು. ಬೀದಿಯಲ್ಲಿ ಯಾರನ್ನಾದರೂ ಕೇಳಲು ಅವರಿಗೆ ಸಂಕೋಚ. ನನಗಿರಲಿಲ್ಲ.

ಬೆಂಗಳೂರಿನವನು ಆ ಡಬ್ಬಿ ನೋಡಲೇಬೇಕು ಅಂತ ಹಟ ಮಾಡಿ ಮುಂದಿನ ಶನಿವಾರ ಅಪ್ಪ ಅಮ್ಮನನ್ನು ಎಳೆದುಕೊಂಡು ಬಂದ. ಆ ವಾರ ಟೋಲ್ ಜಾಸ್ತಿ ಆಗಲಿಲ್ಲ.

ಅಂದಿನಿಂದ ಒಂದು ಸುದ್ದಿಯನ್ನಾದರೂ ಮುಗಿಸದೆ ಬಿಡುತ್ತೇನೆ. ಯಾವುದನ್ನು ಬಿಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ. ಅದನ್ನು ಬರೆಯಲ್ಲ, ಯಾಕೆ ಅಂದರೆ ನಮ್ಮ ಬೀಗರು ಓದುತ್ತಾರೆ.

ಬೀಗರ ವಿಷಯ ಹೇಳಲೇಬೇಕು. ಅಳಿಯನ ತಾಯಿ ಧಾರವಾಡದವರು. ಶುರುವಿನಲ್ಲಿ "ಹುಡುಗ್ರು ಕೇಳಂಗಿಲ್ರೀ, ಸುಮ್ನ ಯಾಕ ಬಾಯಿ ನೋಯಿಸ್ಕೋತೀರಿ" ಅಂದವರು. ಹಲ್ಲಿನ ಧಾರಾವಾಹಿ ಆದಮೇಲೆ ಅವರೂ ಸದ್ದಿಲ್ಲದೆ "ಧಾರವಾಡ ಕೇಂದ್ರ" ತೆರೆದರು. ಅವರಿಗೆ ಅನುಕೂಲ ಜಾಸ್ತಿ: ಹಿತ್ತಲಲ್ಲಿ ಎಮ್ಮೆ ಇದೆ. ಎಮ್ಮೆ ಮುಂದೆ ನನ್ನ ಸೊಪ್ಪಿನವಳು ಏನು? ಎರಡು ತಿಂಗಳು ನನ್ನ ಕೇಂದ್ರಕ್ಕೆ ಕೇಳುಗರು ಕಡಿಮೆ ಆದರು. ಹುಡುಗ ನನಗೇ "ಹೌದೇನ್ರೀ ಅಜ್ಜಿ" ಅನ್ನೋಕೆ ಶುರು ಮಾಡಿದ. ಆಮೇಲೆ ಇಬ್ಬರೂ ಮಾತಾಡಿಕೊಂಡು ವಾರ ಹಂಚಿಕೊಂಡೆವು. ಅವರದು ಬುಧವಾರ, ನನ್ನದು ಭಾನುವಾರ. ಎಮ್ಮೆ ಕರು ಹಾಕಿದ್ದು ಮಾತ್ರ ಅವರು ಭಾನುವಾರವೇ ಕಳಿಸಿದರು. ಲೈಟ್ನಿಂಗ್ ಕಾಲ್ ಅಂತ ಬಿಟ್ಟುಕೊಟ್ಟೆ.

ಮಧ್ಯೆ ಒಂದು ತಪ್ಪು ಪ್ರಯೋಗವೂ ಆಯಿತು. ಮಕ್ಕಳೂ ನಮಗೆ ವಾರ್ತೆ ಕಳಿಸಲಿ ಅಂತ ಒಂದಕ್ಕೆ 100 ರೂಪಾಯಿ ಗೊತ್ತು ಮಾಡಿದೆ. ಡಿಸೆಂಬರಿನಲ್ಲಿ ಬಂದಾಗ ಲೆಕ್ಕ ಚುಕ್ತಾ. ಹುಡುಗಿ ಮಹಾ ಚಾಲಾಕಿ. "ಶನಿವಾರ ಮಳೆ ಬಂತು. ಥ್ಯಾಂಕ್ಯೂ." ಇಷ್ಟಕ್ಕೆ ನೂರು. "ಭಾನುವಾರವೂ ಬಂತು." ಇನ್ನೊಂದು ನೂರು. 2,300 ಕೊಟ್ಟು ಕೈ ತೊಳೆದುಕೊಂಡೆ. ದುಡ್ಡು ನಿಲ್ಲಿಸಿದ ಮೇಲೆ ಮೂರು ತಿಂಗಳು ಏನೂ ಬರಲಿಲ್ಲ. ಆಮೇಲೆ ಒಂದಿನ ಅವಳು ನಾಲ್ಕು ನಿಮಿಷದ್ದು ಕಳಿಸಿದಳು, ಗೆಳತಿ ಮನೆಯಲ್ಲಿ ಮಲಗಲು ಹೋಗಿ ಅವರ ನಾಯಿಗೆ ಹೆದರಿ ರಾತ್ರಿಯೆಲ್ಲ ಬಾತ್‌ರೂಮಿನಲ್ಲಿ ಕೂತದ್ದು. ಅಮ್ಮನಿಗೆ ಹೇಳಬೇಡಿ ಅಂದಿದ್ದಳು. ಒಂದು ನಿಮಿಷ ಜಾಸ್ತಿ ಆಯಿತು ಅಂತ ನಾನು ಬೈಯಲಿಲ್ಲ.

ಈಗ ಹತ್ತಿರ ಹತ್ತಿರ 80 ವಾರ್ತೆ ಆಗಿರಬೇಕು. ತಪ್ಪಿಸಿದ್ದು ಎರಡು ಸಲ, ಎರಡೂ ಕಣ್ಣಿನ ಪೊರೆ ಆಪರೇಷನ್ ಆದಾಗ. ಕೆಲಸಕ್ಕೆ ಬಾರದ ಉಪಾಯಗಳಿಗೆ ಒಟ್ಟು 18 ಸಾವಿರ ಸುರಿದಿದ್ದೇನೆ. ಕೆಲಸಕ್ಕೆ ಬಂದದ್ದಕ್ಕೆ ಕ್ಯಾಲೆಂಡರು, ಅದೂ ಚಿನ್ನದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು.

ಈ ವಾರ ಕ್ಯಾಲೆಂಡರಿನಲ್ಲಿ ಇನ್ನೂ ಎರಡೇ ಗುರುತಿದೆ. ನಲ್ಲಿ ರಿಪೇರಿಯವನು ನಾಳೆ ಬೆಳಿಗ್ಗೆ ಹತ್ತಕ್ಕೆ ಬಂದೇ ಬರ್ತೀನಿ ಅಂದಿದ್ದಾನೆ. ಬಂದರೆ ಒಂದು ಸುದ್ದಿ. ಬರದಿದ್ದರೆ, ಯಜಮಾನರು ತಾವೇ ಸ್ಪ್ಯಾನರ್ ಹಿಡೀತೀನಿ ಅಂದಿದ್ದಾರೆ, ಎರಡು ವಾರಕ್ಕೆ ಸಾಕು.