ಪರದೆಯನ್ನು ಮತ್ತೆ ಬರೆಸುವ ಎಕ್ಸ್‌ರಿಫ್ರೆಶ್: ನನ್ನ ಅನುಭವ

ನನ್ನ ಹಳೆಯ ಕಂಪ್ಯೂಟರಿನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಅದರ ಮೇಲೆ, ಕಂಪೋಸಿಟರ್ (ವಿಂಡೋಗಳ ಚಿತ್ರಗಳನ್ನು ಜೋಡಿಸಿ ಪರದೆಗೆ ತರುವ ಪ್ರೋಗ್ರಾಮು) ಇಲ್ಲದೆ, ಓಪನ್‌ಬಾಕ್ಸ್ ಎಂಬ ಹಗುರವಾದ ವಿಂಡೋ ಮ್ಯಾನೇಜರನ್ನು (ವಿಂಡೋಗಳನ್ನು ನಿಭಾಯಿಸುವ ಪ್ರೋಗ್ರಾಮನ್ನು) ಬಳಸುತ್ತೇನೆ. ಯಂತ್ರವನ್ನು ಸಸ್ಪೆಂಡ್ ಸ್ಥಿತಿಯಿಂದ ಎಬ್ಬಿಸಿದಾಗ ಕೆಲವೊಮ್ಮೆ, ಮುಚ್ಚಿದ ಮೆನುವಿನ ತುಣುಕೊಂದು ಅಲ್ಲಿಯೇ ಉಳಿದಿರುತ್ತದೆ ಅಥವಾ ಸರಿಸಿದ ವಿಂಡೋದ ಅಂಚು ಗೆರೆಗೆರೆಯಾಗಿ ಪರದೆಗೆ ಅಂಟಿಕೊಂಡಿರುತ್ತದೆ. ಆಗ ಲಾಗ್‌ಔಟ್ ಮಾಡುವ ಅಗತ್ಯವಿಲ್ಲ. ಟರ್ಮಿನಲ್‌ನಲ್ಲಿ ಎಕ್ಸ್‌ರಿಫ್ರೆಶ್ ಆದೇಶವನ್ನು ಕೊಟ್ಟರೆ ಸಾಕು. ಡೆಬಿಯನ್‌ನಲ್ಲಿ ಅದು ಎಕ್ಸ್11-ಎಕ್ಸ್‌ಸರ್ವರ್-ಯುಟಿಲ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ.

ಅದು ಕೆಲಸ ಮಾಡುವ ಬಗೆ ನನಗೆ ಬಹಳ ಮೆಚ್ಚುಗೆಯಾಗಿದೆ. ಎಕ್ಸ್‌ರಿಫ್ರೆಶ್ ತಾನಾಗಿ ಯಾವ ಚಿತ್ರವನ್ನೂ ಸರಿಪಡಿಸುವುದಿಲ್ಲ. ಇಡೀ ಪರದೆಯನ್ನು ಮುಚ್ಚುವ ಒಂದು ವಿಂಡೋವನ್ನು ಎಲ್ಲದರ ಮೇಲೆ ತೆರೆದು, ಮರುಕ್ಷಣವೇ ತೆಗೆದುಬಿಡುತ್ತದೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿ 1987ರಲ್ಲಿ ಹನ್ನೊಂದನೆಯ ಆವೃತ್ತಿಗೆ ಬಂದ ಎಕ್ಸ್ ವ್ಯವಸ್ಥೆಯಲ್ಲಿ (ವಿಂಡೋಗಳನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆಯಲ್ಲಿ), ಮರೆಯಾದ ಭಾಗದ ಚಿತ್ರವನ್ನು ನೆನಪಿಟ್ಟುಕೊಳ್ಳುವ ಹೊಣೆ ಸರ್ವರಿನದಲ್ಲ, ಅಂದರೆ ಪರದೆಯನ್ನು ನಿಭಾಯಿಸುವ ಪ್ರೋಗ್ರಾಮಿನದಲ್ಲ. ಆ ಭಾಗ ಮತ್ತೆ ತೆರೆದುಕೊಂಡಾಗ ಸರ್ವರ್ ಸಂಬಂಧಪಟ್ಟ ಪ್ರೋಗ್ರಾಮಿಗೆ ಎಕ್ಸ್‌ಪೋಸ್ ಎಂಬ ಸೂಚನೆಯನ್ನು ಕಳುಹಿಸುತ್ತದೆ, ಪ್ರೋಗ್ರಾಮು ತನ್ನ ಭಾಗವನ್ನು ತಾನೇ ಮತ್ತೆ ಬರೆಯುತ್ತದೆ.

ಹೀಗಾಗಿ ನಾನು ಈ ಆದೇಶವನ್ನು ಪರೀಕ್ಷೆಯ ಸಾಧನವಾಗಿಯೂ ಬಳಸುತ್ತೇನೆ. ಪರದೆ ಪೂರ್ತಿ ತಿಳಿಯಾದರೆ ಪ್ರೋಗ್ರಾಮುಗಳೆಲ್ಲ ಸರಿಯಾಗಿವೆ, ಕೆಟ್ಟದ್ದು ಪರದೆಯ ಮೇಲಿನ ಚಿತ್ರ ಮಾತ್ರ ಎಂದು ತಿಳಿಯುತ್ತೇನೆ. ಉಳಿದೆಲ್ಲ ವಿಂಡೋಗಳು ಸರಿಹೋಗಿ ಒಂದು ಮಾತ್ರ ಖಾಲಿಯಾಗಿ ಉಳಿದರೆ, ಆ ಪ್ರೋಗ್ರಾಮು ಸೂಚನೆಗೆ ಉತ್ತರ ಕೊಡುತ್ತಿಲ್ಲ ಎಂದರ್ಥ; ಆಗ, ನಡೆಯುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಟಾಪ್ ಆದೇಶದಿಂದ ಅದರ ಸ್ಥಿತಿಯನ್ನು ನೋಡಿ, ನಂತರವೇ ಅದನ್ನು ಕೊನೆಗೊಳಿಸುವ ಬಗ್ಗೆ ಯೋಚಿಸುತ್ತೇನೆ. ಉಳಿಸದ ಬರಹವನ್ನು ಕಾಪಾಡಿಕೊಳ್ಳಲು ಈ ವ್ಯತ್ಯಾಸವನ್ನು ತಿಳಿಯುವುದು ಬಹಳ ಮುಖ್ಯ.

ಪರದೆ ತೀರಾ ಕಲಸಿಹೋದಾಗ ಟರ್ಮಿನಲ್ಲೇ ಓದಲಾಗದ ಕಾರಣ, ಓಪನ್‌ಬಾಕ್ಸ್‌ನ ಆರ್‌ಸಿ.ಎಕ್ಸ್‌ಎಂಎಲ್ ಕಡತದಲ್ಲಿ ಈ ಆದೇಶಕ್ಕೆ ಒಂದು ಕೀಲಿ ಜೋಡಿಯನ್ನು ಗೊತ್ತುಪಡಿಸಿದ್ದೇನೆ. ಮನೆಯ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ) ಮೂಲಕ ಒಳಬಂದಾಗ, ಯಾವ ಪರದೆ ಎಂದು ತಿಳಿಸುವ -ಡಿಸ್‌ಪ್ಲೇ :0 ಎಂಬ ಆಯ್ಕೆಯನ್ನು ಸೇರಿಸಬೇಕು. ಡೆಸ್ಕ್‌ಟಾಪಿನಲ್ಲಿ ಲಾಗಿನ್ ಆಗಿರುವ ಅದೇ ಬಳಕೆದಾರರ ಹೆಸರಿನಲ್ಲಿ ಬಂದಿರಬೇಕು, ಇಲ್ಲವಾದರೆ ಸರ್ವರ್ ಅನುಮತಿ ಕೊಡುವುದಿಲ್ಲ. ಪರದೆಯ ಒಂದು ಭಾಗ ಮಾತ್ರ ಕೆಟ್ಟಿದ್ದರೆ -ಜಿಯಾಮೆಟ್ರಿ ಆಯ್ಕೆಯಲ್ಲಿ ಅದರ ಅಗಲ, ಎತ್ತರ ಮತ್ತು ಸ್ಥಾನವನ್ನು ಕೊಡಬಹುದು. ಪರದೆಯನ್ನು ಕ್ಷಣಕಾಲ ಕಪ್ಪಾಗಿಸುವ -ಬ್ಲ್ಯಾಕ್ ಆಯ್ಕೆಯೂ ಇದೆ, ಆದರೆ ನನಗೆ ಅದರ ಅಗತ್ಯ ಬಿದ್ದಿಲ್ಲ.

ಕಂಪೋಸಿಟರ್ ಇರುವ ಡೆಸ್ಕ್‌ಟಾಪಿನಲ್ಲಿ ಮೇಲಿನ ಪರೀಕ್ಷೆಯನ್ನು ನಂಬಬಾರದು. ಅಲ್ಲಿ ಪ್ರತಿ ವಿಂಡೋದ ಚಿತ್ರವೂ ಪ್ರತ್ಯೇಕವಾಗಿ ಮೆಮೊರಿಯಲ್ಲಿ ಉಳಿದಿರುವುದರಿಂದ, ಮೇಲೊಂದು ವಿಂಡೋ ಬಂದುಹೋದರೂ ಕೆಳಗಿನ ಪ್ರೋಗ್ರಾಮುಗಳಿಗೆ ಎಕ್ಸ್‌ಪೋಸ್ ಸೂಚನೆ ತಲುಪುವುದಿಲ್ಲ. ಎಕ್ಸ್‌ಗೆ ಬದಲಾಗಿ ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಳಸುವವರಿಗಂತೂ ಈ ಆದೇಶ ಉಪಯೋಗಕ್ಕೆ ಬರುವುದಿಲ್ಲ. ವೇಲ್ಯಾಂಡ್‌ಗಾಗಿಯೇ ಬರೆದ ಪ್ರೋಗ್ರಾಮುಗಳಿಗೂ ಎಕ್ಸ್ ಸರ್ವರಿಗೂ ಯಾವ ಸಂಪರ್ಕವೂ ಇರುವುದಿಲ್ಲ.