ಜರ್ಮನಿಗೆ ಬಂದಿದ್ದೀರಿ, ಮಗು ಇನ್ನೂ ಊರಲ್ಲಿದೆಯಾ? ಹಾಗಿದ್ದರೆ ಇದನ್ನು ಓದಿ

"ನಾನು ಮೊದಲು ಹೋಗಿ ಸೆಟಲ್ ಆಗ್ತೀನಿ, ಮಗುನ ಆಮೇಲೆ ಕರೆಸ್ಕೊಂಡ್ರಾಯ್ತು." ಇಲ್ಲಿನ ನಮ್ಮ ಕನ್ನಡಿಗರ ಸಂಘಕ್ಕೆ ಬರುವ ಹೊಸಬರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮನೆ ಸಿಗುವುದು ತಡವಾಗುತ್ತದೆ. ಆಮೇಲೆ ಮಗುವಿನ ಶಾಲೆಯ ವರ್ಷ ಮುಗಿಯಲಿ ಅಂತ ಇನ್ನೊಂದಷ್ಟು ತಿಂಗಳು. ಅಷ್ಟರಲ್ಲಿ ಮಗು ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸದೆ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳಲು ಶುರು ಮಾಡಿರುತ್ತದೆ. ನೀವಿಬ್ಬರೂ ಬರುತ್ತಿದ್ದರೆ ಮಗುವಿನ ವೀಸಾ ಅರ್ಜಿಯನ್ನೂ ಜೊತೆಗೇ ಹಾಕಿ. ಬಂದಾಗಿದ್ದರೆ ಇವತ್ತೇ ಶುರು ಮಾಡಿ.

ಮಗುವನ್ನು ಕರೆಸಿಕೊಳ್ಳಲು ಬಿಡುವುದನ್ನು ತುಂಬ ಜನ ನಮ್ಮ ಮೇಲೆ ಯಾರೋ ಮಾಡುವ ದಯೆ ಅಂದುಕೊಂಡಿದ್ದಾರೆ. ಹಾಗಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಪ್ಪಂದದ 10ನೇ ವಿಧಿ ಇರುವುದೇ ಇದಕ್ಕೆ: ತಂದೆ ತಾಯಿಯನ್ನು ಸೇರಲು ಮಗು ಹಾಕಿದ ಅರ್ಜಿಯನ್ನು ಬೇಗ, ಮಾನವೀಯವಾಗಿ ನೋಡಬೇಕು. ಜರ್ಮನಿ 1992ರಲ್ಲೇ ಒಪ್ಪಿಕೊಂಡಿತು. ಆದರೆ ವಿದೇಶಿಯರ ವಿಷಯದಲ್ಲಿ ಒಂದು ತಕರಾರು ಇಟ್ಟುಕೊಂಡಿತ್ತು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದು 2010ರಲ್ಲಿ. ಇಲ್ಲಿನ ವಾಸ್ತವ್ಯ ಕಾಯ್ದೆಯ 32ನೇ ಕಲಮಿನಲ್ಲಿ ಮಕ್ಕಳ ವಿಷಯ ಬರುತ್ತದೆ. ಷರತ್ತುಗಳು ಪೂರ್ತಿಯಾಗಿದ್ದರೆ, ಅಪ್ಪ ಅಮ್ಮ ಇಬ್ಬರೂ ಇಲ್ಲೇ ಇರುವ ಮಗುವಿಗೆ ಇಲ್ಲಿ ವಾಸಿಸುವ ಪರವಾನಗಿ ಕೊಡಲೇಬೇಕು. ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದಲ್ಲ.

ವಯಸ್ಸಿನ ವಿಷಯದಲ್ಲೇ ಜಾಸ್ತಿ ಜನ ಎಡವುವುದು. 16ರ ಒಳಗಿನ ಮಗುವಿಗೆ ಜರ್ಮನ್ ಬರಬೇಕಿಲ್ಲ. 16 ತುಂಬಿದ ಮೇಲೆ, ಅಪ್ಪ ಅಮ್ಮನ ಜೊತೆಗೇ ಬರದೆ ಹಿಂದಿನಿಂದ ಬಂದರೆ, ಸಿ1 ಮಟ್ಟದ, ಅಂದರೆ ತುಂಬ ಮೇಲ್ಮಟ್ಟದ ಜರ್ಮನ್ ಕೇಳುತ್ತಾರೆ, ಇಲ್ಲವೇ ಇಲ್ಲಿನ ಬದುಕಿಗೆ ಹೊಂದಿಕೊಳ್ಳುತ್ತಾನೆ ಅಂತ ತೋರಿಸಬೇಕು. ಅಷ್ಟು ಜರ್ಮನ್ ಇಲ್ಲಿ ಹತ್ತು ವರ್ಷದಿಂದ ಇರುವ ನಮ್ಮಲ್ಲೇ ಎಷ್ಟೋ ಜನಕ್ಕೆ ಇಲ್ಲ! ಬ್ಲೂ ಕಾರ್ಡ್ (ಹೆಚ್ಚು ನುರಿತ ಕೆಲಸಗಾರರಿಗೆ ಕೊಡುವ ಪರವಾನಗಿ) ಇರುವವರ ಮಕ್ಕಳಿಗೆ ಈ ಷರತ್ತು ಅನ್ವಯಿಸುವುದಿಲ್ಲ, ಬೇರೆ ಕಾರ್ಡ್ ಇದ್ದರೆ ಕೇಳಿ ನೋಡಿ. 18 ಅಂತೂ ಎಲ್ಲರಿಗೂ ಗಡಿ. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದ ವಯಸ್ಸು, ವೀಸಾ ಕೈಗೆ ಬಂದ ದಿನದ್ದಲ್ಲ. ಆದರೆ ನಿಮ್ಮ ಪರವಾನಗಿ, ಸಂಬಳದಂಥ ಉಳಿದ ಷರತ್ತುಗಳೂ ಆ ಹುಟ್ಟುಹಬ್ಬಕ್ಕೆ ಮೊದಲೇ ಪೂರೈಸಿರಬೇಕು. ಹಾಗಾಗಿ ಕೊನೆಯ ವಾರದಲ್ಲಿ ಸುಮ್ನೆ ಒಂದು ಅರ್ಜಿ ಬಿಸಾಕಿ ಬಚಾವಾಗುತ್ತೇನೆ ಅಂದುಕೊಳ್ಳಬೇಡಿ.

ಮನೆ ಎಷ್ಟು ದೊಡ್ಡದಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ನುರಿತ ಕೆಲಸಗಾರರ ಪರವಾನಗಿ ಅಥವಾ ಬ್ಲೂ ಕಾರ್ಡ್ ಇದ್ದವರು 2024ರ ಮಾರ್ಚ್‌ನಿಂದ ಅದನ್ನು ತೋರಿಸಬೇಕಿಲ್ಲ. ಉಳಿದವರಿಗೆ ಆರು ವರ್ಷ ದಾಟಿದ ಒಬ್ಬರಿಗೆ 12 ಚದರ ಮೀಟರ್, ಚಿಕ್ಕವರಿಗೆ 10, ಎರಡು ವರ್ಷ ಆಗದ ಕೂಸಿಗೆ ಲೆಕ್ಕವೇ ಇಲ್ಲ.

ಇನ್ನು ಹೆಸರು. ನಮ್ಮ ಕರ್ನಾಟಕದವರ ದೊಡ್ಡ ತಲೆನೋವು ಇದೇ. ನನ್ನದೇ ಕತೆ ಹೇಳುತ್ತೇನೆ. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರಿಗೆ ಎರಡು ಇನಿಷಿಯಲ್. ಒಂದು ನಮ್ಮೂರು, ಇನ್ನೊಂದು ನಾನು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನನ್ನದರಲ್ಲಿ ಊರ ಹೆಸರೇ ಸರ್‌ನೇಮ್ ಆಗಿತ್ತು, ಹೆಂಡತಿಯದರಲ್ಲಿ ಆ ಜಾಗ ಖಾಲಿ, ಮಗಳಿಗೆ ನನ್ನ ಹೆಸರು ಸರ್‌ನೇಮ್. ಒಂದೇ ಮನೆಯ ಮೂವರು, ನೋಡಿದವರಿಗೆ ಮೂರು ಮನೆತನ! ಅದೂ ಸಾಲದು ಅಂತ ಪ್ರಮಾಣಪತ್ರದಲ್ಲಿ ತಾಯಿಯ ಹೆಸರನ್ನು ಮನೆಯಲ್ಲಿ ಕರೆಯುವಂತೆ ಬರೆದಿದ್ದರು. ಇಬ್ಬರೂ ಒಬ್ಬರೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದೆ, ಅದು ಸಾಲಲಿಲ್ಲ. ಕೊನೆಗೆ ಊರಿಗೆ ಹೋದ ಭಾವ ಒಂದು ಕಚೇರಿಯ ಮುಂದೆ ನಾಲ್ಕು ಸಲ ಸಾಲಿನಲ್ಲಿ ನಿಂತು ಮೂಲ ದಾಖಲೆಯಲ್ಲೇ ತಿದ್ದಿಸಿದರು. ಮೂರು ತಿಂಗಳು ಹೋಯಿತು. ಆದ್ದರಿಂದ ಅರ್ಜಿಗೆ ಮೊದಲು ಮಗುವಿನ ಪ್ರಮಾಣಪತ್ರ, ನಿಮ್ಮಿಬ್ಬರ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಕೆಲವರ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ನಾಮಕರಣಕ್ಕೆ ಮೊದಲೇ ಆಸ್ಪತ್ರೆಯವರು ನೋಂದಾಯಿಸಿರುತ್ತಾರಲ್ಲ. ಅದನ್ನೂ ಬರೆಸಿ.

ಅಪ್ಪ ಅಥವಾ ಅಮ್ಮ ಒಬ್ಬರೇ ಇಲ್ಲಿರುವವರು ಇನ್ನೂ ಎಚ್ಚರದಿಂದ ಇರಬೇಕು. ಇನ್ನೊಬ್ಬರ ಒಪ್ಪಿಗೆ ಬರಹದಲ್ಲಿ ಬೇಕು, ಇಲ್ಲವೇ ಮಗುವಿನ ಪೂರ್ತಿ ಹೊಣೆ ನಿಮ್ಮದೇ ಅನ್ನುವ ಕೋರ್ಟ್ ತೀರ್ಪು. ಪರಸ್ಪರ ಒಪ್ಪಿ ವಿಚ್ಛೇದನ ಪಡೆದವರ ತೀರ್ಪುಗಳಲ್ಲಿ "ಮಗು ತಾಯಿಯ ಬಳಿ ಇರುತ್ತದೆ" ಅಂತ ಒಂದೇ ಸಾಲು ಬರೆದು ಬಿಟ್ಟಿರುವುದುಂಟು. ಇಲ್ಲಿನವರಿಗೆ ಅದು ಸಾಕಾಗದೇ ಹೋಗಬಹುದು, ಯಾಕೆಂದರೆ ನಮ್ಮ 1956ರ ಹಿಂದೂ ಅಪ್ರಾಪ್ತರ ಕಾಯ್ದೆಯಲ್ಲಿ ಮಗು ಇರುವುದು ಒಬ್ಬರ ಬಳಿ, ಕಾನೂನಿನ ಪೋಷಕ ಇನ್ನೊಬ್ಬರು ಆಗಬಹುದು. ಈಗಲೇ ವಿಚ್ಛೇದನ ನಡೆಯುತ್ತಿದ್ದರೆ ವಿದೇಶಕ್ಕೆ ಕರೆದೊಯ್ಯುವ ಹಕ್ಕನ್ನೂ ಬಿಡಿಸಿ ಬರೆಸಿ ಅಂತ ವಕೀಲರಿಗೆ ಹೇಳಿ. ಆಮೇಲೆ ಮಾಜಿ ಗಂಡನ ಸಹಿಗಾಗಿ ಅಲೆಯುವುದು ಯಾರಿಗೂ ಬೇಡ.

ಅರ್ಜಿ ಹೋಗುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ. ಮಕ್ಕಳಿಗೆ ಶುಲ್ಕ 37.50 ಯೂರೋ, ದೊಡ್ಡವರದ್ದರ ಅರ್ಧ. ಕಾನ್ಸುಲೇಟಿನವರು ಇಲ್ಲಿ ನಿಮ್ಮೂರಿನ ವಿದೇಶಿಯರ ಕಚೇರಿಯನ್ನು ಕೇಳುತ್ತಾರೆ, ಅಲ್ಲೇ ತಡವಾಗುವುದು. ನಿಮ್ಮ ಸಂಬಳದ ಚೀಟಿ, ಬಾಡಿಗೆ ಕರಾರು, ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಕಾಗದ ಮೊದಲೇ ಸರಿಯಾಗಿದ್ದರೆ ಅವರೂ ಜಾಸ್ತಿ ಕಾಡುವುದಿಲ್ಲ. ಇಲ್ಲ ಅಂದುಬಿಟ್ಟರೆ? ಮೊದಲು ಕಾನ್ಸುಲೇಟಿಗೇ ಒಂದು ಪತ್ರ ಬರೆದು ಮತ್ತೆ ನೋಡಿ ಅನ್ನಬಹುದಿತ್ತು. 2025ರ ಜುಲೈ 1ರಿಂದ ಅದು ನಿಂತಿದೆ. ಈಗ ಒಂದು ತಿಂಗಳೊಳಗೆ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೇ ಹೋಗಬೇಕು. ಹಳೆಯ ಯೂಟ್ಯೂಬ್ ವಿಡಿಯೋ ನೋಡಿಕೊಂಡು ಪತ್ರ ಬರೆಯುತ್ತಾ ಕೂತರೆ ಆ ತಿಂಗಳು ಹೋಯಿತು ಅಂತಲೇ.

ಹೇಳಿದ ಹಾಗೆ, ಅದೇ ಜುಲೈನಲ್ಲಿ "ಜರ್ಮನಿ ಕುಟುಂಬ ವೀಸಾ ನಿಲ್ಲಿಸಿತು" ಅನ್ನುವ ಸುದ್ದಿ ವಾಟ್ಸಾಪ್ ತುಂಬ ಓಡಾಡಿತು. ಅದು ಆಶ್ರಯ ಕೇಳಿ ಬಂದವರಲ್ಲಿ ಪೂರಕ ರಕ್ಷಣೆ ಅನ್ನುವ ಒಂದು ವರ್ಗಕ್ಕೆ, ಎರಡು ವರ್ಷದ ತಡೆ. ಕೆಲಸದ ಪರವಾನಗಿಯ ಮೇಲೆ ಬಂದ ನಮಗಲ್ಲ. ಆದರೆ ಆ ಮಕ್ಕಳು ಕಾಯುತ್ತಿದ್ದಾರಲ್ಲ ಅಂತ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಮಗು ಇಲ್ಲೇ ಹುಟ್ಟಿದರೆ ವೀಸಾ ಬೇಡ, ಆದರೆ ಆರು ತಿಂಗಳೊಳಗೆ ಪರವಾನಗಿಗೆ ಅರ್ಜಿ ಹಾಕಬೇಕು. ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನವನ್ನೂ ನೋಂದಾಯಿಸಿ.

ಕೊನೆಗೆ ಮಗುವಿನ ಬ್ಯಾಗಿನಲ್ಲಿ ತಾಯಿ ಕಾರ್ಡ್ ಮರೆಯದೆ ಇಡಿ. 2020ರ ಮಾರ್ಚ್‌ನಿಂದ ಕಿಂಡರ್‌ಗಾರ್ಟನ್, ಶಾಲೆ ಎಲ್ಲ ಕಡೆ ದಡಾರದ ಚುಚ್ಚುಮದ್ದಿಗೆ ದಾಖಲೆ ಕೇಳುತ್ತಾರೆ. ನಮ್ಮ ಆಶಾ ಕಾರ್ಯಕರ್ತೆ ನೀಲಿ ಪೆನ್ನಿನಲ್ಲಿ ಬರೆದ ಕನ್ನಡದ ದಿನಾಂಕವನ್ನು ಇಲ್ಲಿನ ಡಾಕ್ಟರ್ ತಲೆಕೆಳಗು ಮಾಡಿ ನೋಡಿದರೂ ಓದಲಾರರು. ಹೊರಡುವ ಮೊದಲೇ ಊರಿನ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆಸಿ, ಸೀಲ್ ಹಾಕಿಸಿಕೊಳ್ಳಿ.