ಸಂಸ್ಥೆಯ ಡೊಮೇನ್ ಹೆಸರನ್ನು ಸ್ವಂತ ಹಿಡಿತದಲ್ಲಿ ಇಟ್ಟುಕೊಳ್ಳುವ ಬಗೆ

ಮಂಡ್ಯದ ಆಲೆಮನೆಯ ಬೆಲ್ಲವನ್ನೋ ಮೈಸೂರಿನ ಅಗರಬತ್ತಿಯನ್ನೋ ಜಾಲತಾಣದ ಮೂಲಕ ಮಾರುವ ಸಣ್ಣ ಸಂಸ್ಥೆಗಳಲ್ಲಿ, ತಾಣ ಕಟ್ಟಿಕೊಟ್ಟವರೇ ಅದರ ವಿಳಾಸವಾದ ಡೊಮೇನ್ ಹೆಸರನ್ನೂ ತಮ್ಮ ಖಾತೆಯಲ್ಲಿ ನೋಂದಾಯಿಸಿಟ್ಟುಕೊಂಡಿರುವುದುಂಟು. ಅದರ ಹಿಂದೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಆದರೆ ಅವರು ಊರು ಬಿಟ್ಟರೆ ಅಥವಾ ಕೆಲಸ ಬದಲಿಸಿದರೆ, ಹೆಸರು ತನ್ನದೆಂದು ತೋರಿಸಲು ಸಂಸ್ಥೆಯ ಬಳಿ ದಾಖಲೆಯೇ ಇರುವುದಿಲ್ಲ. ಆದ್ದರಿಂದ ಯಾವ ಭದ್ರತಾ ತಂತ್ರಾಂಶವನ್ನು ಅಳವಡಿಸುವುದಕ್ಕೂ ಮೊದಲು ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಪರಿಶೀಲಿಸಬೇಕು.

ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ; .ಕಾಮ್, .ಇನ್ ಹೆಸರುಗಳನ್ನು ಒಂದರಿಂದ ಹತ್ತು ವರ್ಷದ ಅವಧಿಗೆ ನೋಂದಾಯಿಸಿಕೊಳ್ಳುತ್ತೇವೆ. ಜಗತ್ತಿನ ಡೊಮೇನ್ ವ್ಯವಸ್ಥೆಯ ಸಮನ್ವಯ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆಯದು. .ಕಾಮ್ ದಾಖಲೆಗಳನ್ನು ವೆರಿಸೈನ್ ಕಂಪನಿ ನಿರ್ವಹಿಸಿದರೆ, .ಇನ್ ಮತ್ತು ಕನ್ನಡ ಲಿಪಿಯ .ಭಾರತ ನಮ್ಮ ದೇಶದ ನಿಕ್ಸಿ ಸಂಸ್ಥೆಯ ಉಸ್ತುವಾರಿಯಲ್ಲಿವೆ. ನಾವು ಹಣ ಕಟ್ಟುವುದು ಇವರಿಗೂ ನಮಗೂ ನಡುವೆ ಇರುವ ರಿಜಿಸ್ಟ್ರಾರ್‌ಗೆ, ಅಂದರೆ ನೋಂದಣಿ ಮಾಡಿಕೊಡುವ ಕಂಪನಿಗೆ.

ಐಕ್ಯಾನ್‌ನ ಹುಡುಕು ಪುಟದಲ್ಲಿ ಅಥವಾ .ಇನ್ ರಿಜಿಸ್ಟ್ರಿಯ ಹೂಈಸ್ (ನೋಂದಣಿ ವಿವರ ತೋರಿಸುವ) ಪುಟದಲ್ಲಿ ನಿಮ್ಮ ಡೊಮೇನನ್ನು ಕೊಟ್ಟರೆ ರಿಜಿಸ್ಟ್ರಾರ್ ಯಾರು, ಅವಧಿ ಎಂದಿಗೆ ಮುಗಿಯುತ್ತದೆ, ವರ್ಗಾವಣೆಗೆ ಬೀಗ ಬಿದ್ದಿದೆಯೇ ಎಂಬುದು ತಿಳಿಯುತ್ತದೆ. ನೋಂದಣಿದಾರರ ವಿವರವನ್ನು ಅಲ್ಲಿ ಮರೆಮಾಡಿರುವುದೂ ಉಂಟು, ಆಗ ರಿಜಿಸ್ಟ್ರಾರ್ ಖಾತೆಯೊಳಗೇ ಹೋಗಿ ನೋಡಬೇಕು. ನೋಂದಣಿದಾರರ ಜಾಗದಲ್ಲಿ ಸಂಸ್ಥೆಯ ಹೆಸರು ಇರಲಿ. ಖಾತೆಯ ಇಮೇಲ್ ಮಾತ್ರ ಅದೇ ಡೊಮೇನಿನದ್ದಾಗಿರಕೂಡದು: ಡೊಮೇನ್ ಕೈತಪ್ಪಿದ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಮುಚ್ಚುತ್ತದೆ. ಪಾಸ್‌ವರ್ಡನ್ನು ಪಾಸ್‌ವರ್ಡ್ ಭಂಡಾರವಾದ ಕೀಪಾಸ್‌ಎಕ್ಸ್‌ಸಿಯಲ್ಲಿ ಇಡಿ. ಪಾಸ್‌ವರ್ಡ್ ಜೊತೆಗೆ ಕೇಳುವ ಎರಡನೇ ಹಂತದ ಸಂಕೇತಕ್ಕೆ ಆಂಡ್ರಾಯ್ಡ್ ಫೋನಿನಲ್ಲಿ ಏಜಿಸ್ ಆ್ಯಪ್ ಬಳಸಬಹುದು. ಎರಡೂ ಮುಕ್ತ ತಂತ್ರಾಂಶಗಳು.

ಇನ್ನು ಡಿಎನ್‌ಎಸ್‌ಸೆಕ್. ನಿಮ್ಮ ತಾಣದ ವಿಳಾಸ ಕೇಳಿದವರಿಗೆ ನಡುವೆ ಯಾರೋ ಸುಳ್ಳು ಉತ್ತರ ಕೊಡದಂತೆ ಡಿಎನ್‌ಎಸ್ (ಡೊಮೇನ್ ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ ಇದು. ಇಡೀ ವ್ಯವಸ್ಥೆಯ ಮೂಲವಾದ ರೂಟ್ ವಲಯಕ್ಕೆ 2010ರ ಜುಲೈನಲ್ಲಿ ಸಹಿ ಬಿತ್ತು. ಸ್ವಂತ ಸರ್ವರ್ ಇದ್ದರೆ ಬೈಂಡ್ ಅಥವಾ ನಾಟ್ ಡಿಎನ್‌ಎಸ್ ತಂತ್ರಾಂಶ ಸಹಿಯನ್ನು ತಾನೇ ನವೀಕರಿಸುತ್ತಾ ಹೋಗುತ್ತದೆ. ಅದು ಕೊಡುವ, ಸಹಿಯ ಕೀಲಿಯ ಗುರುತಾದ ಡಿಎಸ್ ದಾಖಲೆಯನ್ನು ರಿಜಿಸ್ಟ್ರಾರ್ ಪುಟದಲ್ಲಿ ತುಂಬಿದಾಗ ಮಾತ್ರ ನಂಬಿಕೆಯ ಸರಪಳಿ ಪೂರ್ಣವಾಗುತ್ತದೆ. ನಂತರ ಸಹಿ ಪರಿಶೀಲಿಸುವ ರಿಸಾಲ್ವರ್ (ಬಳಕೆದಾರರ ಪರವಾಗಿ ವಿಳಾಸ ಹುಡುಕುವ ಸರ್ವರ್) ಒಂದನ್ನು, ಡಿಎನ್‌ಎಸ್ ಪ್ರಶ್ನೆ ಕೇಳುವ ಡಿಗ್ ಸಾಧನದಿಂದ ಕೇಳಿ ನೋಡಿ; ಉತ್ತರದಲ್ಲಿ ಸಹಿ ಪರಿಶೀಲನೆಯಾಗಿದೆ ಎನ್ನುವ ಎಡಿ ಗುರುತು ಬಂದರೆ ಎಲ್ಲವೂ ಸರಿಯಿದೆ.

ಇಲ್ಲಿ ಬಹಳ ಎಚ್ಚರ ಬೇಕಾದದ್ದು ಡಿಎನ್‌ಎಸ್ ಸೇವೆಯನ್ನು ಬದಲಿಸುವಾಗ. ಹಳೆಯ ಡಿಎಸ್ ದಾಖಲೆ ಹಾಗೆಯೇ ಉಳಿದು, ಹೊಸ ಸರ್ವರ್ ಬೇರೆ ಕೀಲಿಯಿಂದ ಸಹಿ ಹಾಕಿದರೆ ಅಥವಾ ಸಹಿಯನ್ನೇ ಹಾಕದಿದ್ದರೆ, ಪರಿಶೀಲಿಸುವ ರಿಸಾಲ್ವರ್‌ಗಳು ನಿಮ್ಮ ಹೆಸರನ್ನೇ ತಿರಸ್ಕರಿಸುತ್ತವೆ. ಕೆಲವರಿಗೆ ತಾಣ ತೆರೆಯುತ್ತದೆ, ಕೆಲವರಿಗೆ ಇಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಮೊದಲು ಡಿಎಸ್ ದಾಖಲೆಯನ್ನು ತೆಗೆಸಿ, ಅದರ ಟಿಟಿಎಲ್ ಅವಧಿ (ಹಳೆಯ ಉತ್ತರವನ್ನು ರಿಸಾಲ್ವರ್‌ಗಳು ನೆನಪಿಟ್ಟುಕೊಳ್ಳುವ ಕಾಲ) ಪೂರ್ತಿ ಕಳೆಯುವವರೆಗೆ ಕಾದು, ಡಿಎನ್‌ಎಸ್ ಉತ್ತರ ಕೊಡುವ ನೇಮ್‌ಸರ್ವರ್ ಬದಲಿಸಿ, ಎಲ್ಲ ಸ್ಥಿರಗೊಂಡ ಮೇಲೆ ಹೊಸ ಡಿಎಸ್ ದಾಖಲೆ ಸೇರಿಸಬೇಕು. ಅವಸರವಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ತಾಣದ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸಾಕು, ಶುಲ್ಕವಿಲ್ಲ. ಸರ್ಟ್‌ಬಾಟ್ ತಂತ್ರಾಂಶ ಅದನ್ನು ಪಡೆದು ತಾನೇ ನವೀಕರಿಸುತ್ತದೆ. ಡ್ರೈ ರನ್ ಆಯ್ಕೆಯಿಂದ ನವೀಕರಣವನ್ನು ಒಮ್ಮೆ ಪರೀಕ್ಷಿಸಿ. ಅವಧಿ ಮುಗಿಯುವ ಎಚ್ಚರಿಕೆಯ ಇಮೇಲ್ ಕಳಿಸುವುದನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ, ಹಾಗಾಗಿ ನಿಗಾ ನಿಮ್ಮದೇ. 2029ರ ಮಾರ್ಚ್‌ನಿಂದ ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿ 47 ದಿನಕ್ಕೆ ಇಳಿಯಲಿರುವುದರಿಂದ, ಕೈಯಿಂದ ನವೀಕರಿಸುವ ಪದ್ಧತಿಯನ್ನು ಈಗಲೇ ಬಿಡುವುದು ಒಳ್ಳೆಯದು. ಜೊತೆಗೆ ಯಾವ ಸಂಸ್ಥೆ ನಿಮಗೆ ಪ್ರಮಾಣಪತ್ರ ಕೊಡಬಹುದೆಂದು ಹೇಳುವ ಸಿಎಎ ದಾಖಲೆಯನ್ನೂ ಸೇರಿಸಿ.

ಡೊಮೇನಿನ ಸ್ವಯಂ ನವೀಕರಣವನ್ನು ಚಾಲೂ ಮಾಡಿಟ್ಟರೂ ಕಾರ್ಡಿನ ಅವಧಿ ಮುಗಿದಿದ್ದರೆ ಪ್ರಯೋಜನವಿಲ್ಲ. ನವೀಕರಣವಾಗದ ಡೊಮೇನನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೆ .ಕಾಮ್‌ನಲ್ಲಿ 30 ದಿನಗಳ ಒಳಗೆ ಹೆಚ್ಚುವರಿ ಶುಲ್ಕ ತೆತ್ತು ಮರಳಿ ಪಡೆಯಬಹುದು. ನಂತರದ 5 ದಿನ ಕಳೆದರೆ ಅದನ್ನು ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು.